ಮುಂಗಾಲಿನ ಒಳಮೈ

ನಾನು ಹಿಡಿದ ಮೊಲಕ್ಕೆ ನಾಲ್ಕೇ ಕಾಲು.
ಮೊದಲು ನೋಡುವುದು ಮಾತ್ರ ಎರಡನ್ನು.
ಬೆನ್ನಿನ ಬಾಗು ಆಮೇಲೆ, ತೂಕ ಆಮೇಲೆ,
ಕಿವಿಯೊಳಗಿನ ಹಚ್ಚೆಯ ನಂಬರೂ ಆಮೇಲೆ.
ಮುಂಗಾಲು ತಿರುವಿ ಒಳಮೈ ನೋಡುತ್ತೇನೆ.

ಮೊಲ ದೂರು ಹೇಳುವ ಪ್ರಾಣಿಯಲ್ಲ.
ಮೂಗು ಸೋರಿದರೆ ಕಾಲಲ್ಲಿ ಒರೆಸಿಕೊಂಡು
ಏನೂ ಆಗಿಲ್ಲವೆಂಬಂತೆ ಕೂರುತ್ತದೆ.
ಒರೆಸಿದ್ದು ಹೋಗುವುದಾದರೂ ಎಲ್ಲಿಗೆ?
ಅಂಟಿ, ಗಂಟುಗಟ್ಟಿ, ಹಳದಿಗೆ ತಿರುಗಿ
ಅಲ್ಲೇ ಇರುತ್ತದೆ, ನಾನು ಬರುವವರೆಗೆ.

ಹೆರ್ನೆ ಊರು. ಶಾಲೆಯ ಕಸರತ್ತಿನ ಹಾಲು. ನವೆಂಬರ್.
ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ ನಾಲ್ಕು ಸಾಲು ಗೂಡು,
ಮರದ ಹೊಟ್ಟು, ಒಣಹುಲ್ಲು,
ಮೂಲೆಯಲ್ಲಿ ಹೆಂಗಸರು ಕುದಿಸುವ ಬಟಾಣಿ ಸಾರಿನ ಹಬೆ.
ಗಣಿ ಮುಚ್ಚಿ ಹನ್ನೊಂದು ವರ್ಷ. ಗಣಿಯವರು
ಈಗಲೂ ಪಾಳಿಯ ಹೊತ್ತಿಗೇ ಏಳುತ್ತಾರೆ.
ಎದ್ದು ಮಾಡುವುದೇನು? ಮೊಲಕ್ಕೆ ಮೇವು ಹಾಕುತ್ತಾರೆ.
ನಾನೂ ಅವರವನೇ. ಬಿಳಿ ಕೋಟು ತೊಟ್ಟಿದ್ದೇನೆ, ಅಷ್ಟೆ.

ನಲವತ್ತೇಳನೇ ಗೂಡು. ವಿಯೆನ್ನಾ ನೀಲಿ, ಹೆಣ್ಣು.
ಆ ನೀಲಿಯನ್ನು ಏನೆಂದು ಹೇಳಲಿ,
ಉಕ್ಕು ಕಾಯುವಾಗ, ಕೆಂಪಾಗುವ ಮೊದಲು
ಒಂದು ಗಳಿಗೆ ಬಂದುಹೋಗುತ್ತದಲ್ಲ, ಅದು.
ಮುಂಗಾಲು ತಿರುವಿದೆ.
ಚೊಕ್ಕಟ.
ಎರಡನೆಯದೂ. ಕೂದಲು ಕೂದಲನ್ನೇ ಬಿಡಿಸಿಟ್ಟ ಹಾಗೆ.
ಮೂಗಿಗೆ ಹಿಡಿದೆ: ಕ್ಯಾಮೊಮೈಲ್ ಸೋಪು.

ಗೂಡಿನಾಚೆ ಒಬ್ಬಳು ಹುಡುಗಿ, ಹತ್ತು ವರ್ಷವಿರಬಹುದು.
ರೋಸ್ವಿಥಾ ಶಿಮಾನ್ಸ್ಕಿ, ಅಂತಿದೆ ಚೀಟಿಯಲ್ಲಿ.
ಸ್ವೆಟರಿನ ತೋಳ ತುದಿಯಲ್ಲಿ ಗೊಣ್ಣೆ ಒಣಗಿ ಗರಿಗಟ್ಟಿದೆ.
ಜೇಬಿನಿಂದ ಇಣುಕುತ್ತಿದೆ ಒಂದು ಹಲ್ಲುಜ್ಜುವ ಬ್ರಷ್ಷು.

ಗೊತ್ತು ನನಗೆ ಈ ಕಸುಬು.
ಗಣಿಯ ಡಾಕ್ಟರು ಎದೆಗೆ ಕೊಳವೆ ಇಡುವ ಬೆಳಿಗ್ಗೆ
ಉಪ್ಪುನೀರು ಮುಕ್ಕಳಿಸಿ, ಮೆಟ್ಟಿಲ ಅಡಿಗೆ ನಿಂತು
ಕೆಮ್ಮಬೇಕಾದ್ದನ್ನೆಲ್ಲ ಕೆಮ್ಮಿ ಮುಗಿಸಿ
ನಗುತ್ತಾ ಒಳಗೆ ಹೋಗುತ್ತಿದ್ದೆ.
ಕರವಸ್ತ್ರ ಎಡ್ಲಿಂಡ್ ಕಣ್ಣಿಗೆ ಬೀಳದಂತೆ ನಾನೇ ಒಗೆಯುತ್ತಿದ್ದೆ.
ಆರು ವರ್ಷ ದಾಟಿತು ಹಾಗೆ.

ಕೈಯೊಳಗೆ ಮೊಲದ ಪಕ್ಕೆ ಒಂದೇ ಸಮ ಬಡಿಯುತ್ತಿತ್ತು.
ಕಿವಿಗೊಟ್ಟೆ. ಎಲ್ಲೋ ಆಳದಲ್ಲಿ ಸಣ್ಣ ಗೊರಗೊರ,
ಮುಚ್ಚಳ ಸಡಿಲವಾದ ಕೆಟಲಿನದು.
ಸೀನು ಬಂತು. ಒಂದಲ್ಲ, ಮೂರು.
ಆಮೇಲೆ ಅದು ನನ್ನೆದುರಿಗೇ
ತೊಳೆದಿಟ್ಟ ಮುಂಗಾಲೆತ್ತಿ ಒರೆಸಿಕೊಂಡಿತು.

ನೂರಿಪ್ಪತ್ತು ಮೊಲ ಉಸಿರಾಡುವ ಹಾಲು.
ಬರೆದೆ: ನೆಗಡಿ. ಸ್ಪರ್ಧೆಯಿಂದ ಹೊರಗೆ. ಗೂಡು ತೆರವು.

‘ಹೇಗೆ ಗೊತ್ತಾಯ್ತು?’
‘ತುಂಬಾ ಚೊಕ್ಕಟವಾಗಿತ್ತು.’
‘ಅಜ್ಜ ಇವತ್ತೇ ಕೊಯ್ದುಹಾಕ್ತಾರೆ.’

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರುಂಟೇ,
ಎನ್ನಲು ಹೊರಟೆ. ಆಗಲಿಲ್ಲ.
ಈ ಕೈಯಿಂದಲೇ ಎಷ್ಟು ಕೊಯ್ದಿಲ್ಲ,
ಭಾನುವಾರ, ಸಾಸಿವೆ ಹಚ್ಚಿ.

ಚೀಟಿಯ ಬೆನ್ನಿಗೆ ದನದ ಡಾಕ್ಟರ ವಿಳಾಸ ಬರೆದೆ.
‘ಅವರು ಪಾಸ್ಚುರೆಲ್ಲ ಅಂತಾರೆ, ಹೆದರಬೇಡ.
ಪೆನಿಸಿಲಿನ್ ಸೂಜಿಯಲ್ಲೇ ಆಗಬೇಕು,
ಬಾಯಿಗೆ ಹಾಕಿದರೆ ಹೊಟ್ಟೆ ಕೆಟ್ಟು ಸಾಯುತ್ತೆ.
ಉಳಿದ ಮೊಲಗಳಿಂದ ದೂರ ಇಡು. ಹುಲ್ಲಿನ ಧೂಳು ಕೊಡವು.
ಅಜ್ಜನಿಗೆ ಹೇಳು, ಜಡ್ಜು ಹೇಳಿದರು ಅಂತ.’
‘ಪೂರ್ತಿ ಹೋಗುತ್ತಾ?’
‘ಇಲ್ಲ. ಮೂಗಿನ ಹಿಂದೆಲ್ಲೋ ಅಡಗಿ ಕೂರುತ್ತೆ.
ಚಳಿಗೆ, ಹೆದರಿಕೆಗೆ ಮತ್ತೆ ಬರುತ್ತೆ.
ಇಟ್ಟುಕೊಂಡೇ ಇರಬಹುದು, ಬಹಳ ದಿನ.’
ಅವಳು ನನ್ನ ಎದೆಯನ್ನೇ ನೋಡುತ್ತಿದ್ದಳು,
ಬಿಳಿ ಕೋಟಿನ ಎರಡನೇ ಗುಂಡಿಯನ್ನು.

ಮುಂದಿನ ಗೂಡಿಗೆ ಮೊದಲು ಕೈ ತೊಳೆಯಬೇಕು, ನಿಯಮ.
ಮಕ್ಕಳ ಎತ್ತರದ ತೊಟ್ಟಿ. ಬಾಗಿ
ಮೊಣಕೈವರೆಗೆ ಸೋಪು ಹಚ್ಚಿದೆ.
ಒಳಗಿನಿಂದ ಮೇಲೇರಿ ಬಂತು.
ನಲ್ಲಿಯನ್ನು ಪೂರಾ ತಿರುವಿದೆ, ಜೋರಾಗಿ ಸದ್ದಾಗಲೆಂದು.