ಆಕಾಶಕ್ಕ ಯಾವ ನಂಬರ್

ಚೌಬಾರದ ಹಿಂದಿನ ಓಣ್ಯಾಗ ಘನಿ ಮಿಸ್ತ್ರಿ ಅಂಗಡಿ.
ಬೋರ್ಡಿಲ್ಲ. ಬಾಗಲಿಗೊಂದು ಗೋಣಿಪರದೆ,
ಒಳಗ ಎಣ್ಣಿ ವಾಸನಿ, ಹೊಲಿಗಿ ಮಷೀನಿಗೆ ಹಾಕ್ತಾರಲ್ಲ, ಅದೇ.
"ಯಾರಿಗೆ ಬೇಕ್ರೀ?" ಅಂದ. ನನ್ನ ಹಿಂದ ಇಣುಕಿದ,
ಗಂಡಸರು ಯಾರರ ಚಪ್ಪಲಿ ಬಿಡ್ಲಿಕ್ಕತ್ತಾರೇನಂತ.
"ನನಗೇ" ಅಂದೆ.
ಲೈಸೆನ್ಸ್ ಬಿಚ್ಚಿಟ್ಟೆ. ಸುಗಲಾಬಾಯಿ, ಸಾಕಿನ್ ಹಳ್ಳಿಖೇಡ.
ಎರಡು ವರ್ಷ ಓಡಾಡಿ ತಂದ ಹಾಳಿ,
ಅದರ ಮೈಮ್ಯಾಲ ನನ್ನ ಸೀರಿಗಿಂತ ಹೆಚ್ಚು ಛಾಪಾ.

"ಬೇಟೆ ಏನು?"
ಬೇಟೆ ಅಲ್ಲ ಮಿಸ್ತ್ರಿ, ಟರ್ಕಿ ಕೋಳಿ ಸಾಕೀನಿ.
ಪಶುವೈದ್ಯ ಕಾಲೇಜಿನಿಂದ ರಟ್ಟಿನ ಡಬ್ಬ್ಯಾಗ
ಹನ್ನೆರಡು ಮರಿ ತಂದಿದ್ದೆ, ಈಗ ನಲ್ವತ್ಮೂರು.
ಮೊನ್ನೆ ತನಕ ನಲ್ವತ್ನಾಲ್ಕು.
ಕಬ್ಬಿನ ಸಾಲಿನಿಂದ ಕಾಡಬೆಕ್ಕು ಬರ್ತದ,
ನಮ್ಮನಿದೇ ಬೆಕ್ಕಿನಂಗ ಅರಾಮ ಕೂಡ್ತದ, ಎಣಿಸ್ತದ.
ಅವ ನಕ್ಕ. "ಪರದೇಶದಾಗ ಟರ್ಕಿ ಹೊಡೀಲಿಕ್ಕ ಬಂದೂಕು ಆರಸ್ತಾರಂತ,
ನೀವು ಉಳಸ್ಲಿಕ್ಕ ಬಂದೀರಿ."

ಮೂರು ತೆಗೆದು ಗಾದಿ ಮ್ಯಾಲ ಮಲಗಿಸ್ದ.
"ಇದರ ಬಾಯಿ ಬಿಗಿ. ಛರ್ರಾ ಮುಷ್ಟಿಯಂಗ
ನಲ್ವತ್ತು ಹೆಜ್ಜಿ ಕೂಡಿಕೊಂಡೇ ಹೋಗ್ತದ.
ಇದರದು ಸಡಿಲ, ಹೊರಗ ಬಿದ್ದ ಕೂಡ್ಲೇ ಹರಡ್ತದ."
ಅಷ್ಟು ನನಗ ತಿಳೀತದ:
ಒಂದು ಕೂರಿಗಿ, ಒಂದು ಕೈಚೆಲ್ಲು ಬಿತ್ತನಿ.
ಮೂರನೇದು ಹಗುರ, ಹೊಸದು, ಹೊಳೀತದ.
"ಹಗುರದ್ದು ಬ್ಯಾಡ್ರಿ" ಅಂದ, "ಹಗುರದ್ದು ಭಾಳ ಒದೀತದ."
ನನ್ನ ನಾದಿನಿ ನೆನಪಾದಳು. ಹೇಳ್ಲಿಲ್ಲ.

"ಮೊಳಕೈ ಮಡಚ್ರಿ, ಅಲ್ಲಿಂದ ತೋರಬೆರಳ ತನಕ ಅಳೀರಿ."
ಟೇಪು ನನ್ನ ಕೈಗೇ ಕೊಟ್ಟು ಗ್ವಾಡಿ ಕಡಿ ತಿರುಗಿ ನಿಂತ.
ಹದಿಮೂರು ಇಂಚು ಇಲ್ಲ.
"ಇವೆಲ್ಲಾ ಉದ್ದ ಕೈಯವರಿಗೆ ಹುಟ್ಟಿದ್ದವು" ಅಂದ,
ತಪ್ಪು ತಂದೇ ಅನ್ನೋ ಹಂಗ.

ನಡುವಿನದಕ್ಕ, ಆ ಜೋಡು ನಳಿಗಿದಕ್ಕ, ಗಲ್ಲ ಹಚ್ಚಿದೆ.
ಕಟ್ಟಿಗ್ಯಾಗ ಯಾರದೋ ಗಲ್ಲ ಸವೆಸಿದ ಗುಳಿ,
ಕೊಬ್ಬರಿ ಎಣ್ಣಿ ನಾತ ಇನ್ನಾ ಅದ.
"ಒಬ್ಬ ವಕೀಲರದು. ಗೌಜಲಕ್ಕಿ ಹೊಡೀತಿದ್ರು.
ಕಾಯ್ದೆ ಬಂತು, ಗ್ವಾಡಿಗೆ ತೂಗಿಬಿಟ್ರು.
ಸೊಸಿ ಧೂಳ ಒರಸಿ ಒರಸಿ ಬ್ಯಾಸತ್ತು ತಂದಳು."
ಒರಸಿದಾಕಿ ಕೈಯೂ ಈ ಹೊಳಪಿನ್ಯಾಗ ಇರಬೇಕು.
"ಇದೇ" ಅಂದೆ.

ಆಮ್ಯಾಲ ಚಾ ಬಂತು. ಬಸಿಗೆ ಸುರಕೊಂತ ಅವ:
"ಒಂದು ಮಾತು ಬಾಯಿ. ಬೆಕ್ಕಿಗೆ ಹತ್ತಿತೋ, ನಿಮಗ ಜೇಲು.
ಆಕಾಶಕ್ಕ ಹೊಡೀರಿ."
"ಹಂಗಾದ್ರ ಆಕಾಶಕ್ಕ ಯಾವ ನಂಬರ್ ಛರ್ರಾ?"
ಚಾ ಆರೋ ತನಕ ಸುಮ್ನಿದ್ದ.
ಮೂವತ್ತು ವರ್ಷದಾಗ ಯಾರೂ ಕೇಳಿಲ್ಲಂತ.
"ಎಂಟು. ರವಾದಂಗ ಸಣ್ಣದು.
ತಿರುಗಿ ಬೀಳೋವಾಗ ಯಾರಿಗೂ ನೋವಾಗಬಾರದು."

ಹಿಂದಿನ ಕಟ್ಟಿಗಿ ಎರಡು ಬೆರಳು ಕೊಯ್ದ,
ಗರಗಸದ ಪುಡಿ ಅವನ ಬಿಳಿ ಗಡ್ಡದಾಗ ಕೆಂಪಗ ಕೂತಿತು.
ತುಂಡು ಕಾಗದದಾಗ ಸುತ್ತಿ ಕೊಟ್ಟ,
"ಇದೂ ನಿಮ್ಮದೇ, ರೊಕ್ಕ ಕೊಟ್ಟೀರಿ."

ಅಮಾಸಿ ರಾತ್ರಿ ಒಂದು ಸಲ ಹೊಡದೆ.
ಭುಜ ನೀಲಿ ಆತು. ಆ ಸಪ್ಪಳಕ್ಕ
ನಲ್ವತ್ಮೂರೂ ಒಮ್ಮೆಲೇ ಕುತಗಿ ಚಾಚಿ
ಗುಳುಗುಳುಗುಳು ಅಂತ ಉತ್ತರ ಕೊಟ್ಟವು,
ಯಾರೋ ಬೀಗರು ಕರದಂಗ.
ಬೆಕ್ಕು ಬದುವಿನ ಮ್ಯಾಲ ನಿಂತು ಕೇಳ್ತು,
ಎದ್ದು ಹೋತು, ಓಡಲಿಲ್ಲ.

ಮರುವಾರ ಎಲೆಕ್ಷನ್ ಸಾರಿದ್ರು.
ಬಂದೂಕೆಲ್ಲ ಠಾಣಾಕ್ಕ ಜಮಾ. ನಂದೂ.
ಮುನ್ಶಿ ರಸೀದಿ ಬರೀಕೊಂತ ಕೇಳ್ದ,
"ಹಿಂದ ಯಾಕ ಇಷ್ಟು ಗಿಡ್ಡ?"
"ನನ್ನ ಕೈ ಅಷ್ಟೇ ಅದ ಸಾಹೇಬ್ರ."

ಈಗ ರಾತ್ರಿ ಗೂಡಿನ ಬಾಗಲಾ ಮುಚ್ಚಿ
ಆ ಎರಡು ಬೆರಳಿನ ತುಂಡು ಸಂದಿನ್ಯಾಗ ಬಡೀತೀನಿ.
ಗಟ್ಟಿ ಕೂಡ್ತದ. ವಾಲ್ನಟ್ ಕಟ್ಟಿಗಿ, ಮಿಸ್ತ್ರಿ ಹೇಳಿದ್ದ.
ಬೆಕ್ಕು ಬಂದು ಮೂಸಿ ಹೋಗ್ತದ.
ಮುಂಜಾನೆ ಎಣಿಸ್ತೀನಿ: ನಲ್ವತ್ಮೂರು.