ದಾರ

ಕೆಂಪಗಾಗುತ್ತದೆ. ಅದೇ ಮೋಸ.
ಪೂರ್ತಿ ಸತ್ತಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.
ಓವನ್ನಿನ ಹೊಟ್ಟೆಯೊಳಗೆ ಬಗ್ಗಿ ನೋಡಿದರೆ
ಇಗ್ನೈಟರ್ ಕಡ್ಡಿ ಕಿತ್ತಳೆ ಬಣ್ಣಕ್ಕೆ ತಿರುಗಿ
ಇನ್ನೇನು ಹತ್ತಿಕೊಂಡೀತು ಎಂಬಂತೆ ಕೂತಿರುತ್ತದೆ.
ಮುನ್ನೂರರವರೆಗೆ ಎಣಿಸುತ್ತೇನೆ.
ಗ್ಯಾಸು ತನ್ನ ಬಾಗಿಲು ತೆರೆಯುವುದಿಲ್ಲ.
ಇಷ್ಟು ಬಿಸಿ ಅದಕ್ಕೆ ಸಾಲದಂತೆ.

ಕೆಂಪಗಿರುವುದೆಲ್ಲ ಬೆಂಕಿಯಲ್ಲ.

ಮನೆ ಮಾಲೀಕ ಬೊಶೆಮಿನ್ ಫೋನಿನಲ್ಲಿ
'ಮುಂದಿನ ವಾರ, ಒಡೀಲಿಯಾ' ಎಂದ.
ಅವನ ವಾರಕ್ಕೆ ಎಷ್ಟು ದಿನವೋ
ಈ ಮೂರಂತಸ್ತಿನಲ್ಲಿ ಕಂಡವರಿಲ್ಲ.
ಮೆಕ್ಯಾನಿಕ್ಕು ಹೊಸ್ತಿಲು ದಾಟುವುದಕ್ಕೇ
ನೂರಿಪ್ಪತ್ತು ಡಾಲರು ಕೇಳಿದ.
ಬಿಡಿಭಾಗ ಮೂವತ್ತೆಂಟು.

ಇತ್ತ ಹನ್ನೆರಡು ಮೊಟ್ಟೆ ಕುಡಿದ ಹಿಟ್ಟು
ಉಣ್ಣೆ ಕಂಬಳಿ ಹೊದ್ದು ಸೋಫಾದ ಮೇಲೆ ಮಲಗಿ
ಯಾರ ಅಪ್ಪಣೆಗೂ ಕಾಯದೆ ಉಬ್ಬುತ್ತಿದೆ.
ನಾಳೆ ಈಸ್ಟರ್.
ಅಸೋರಿಸ್ ದ್ವೀಪದಿಂದ ಅವ್ವ ತಂದ ಬ್ರೆಡ್ಡಿದು,
ಬಾಣಲೆಯಲ್ಲಿ ಬೇಯುವಂಥದಲ್ಲ.

ಸರಿ. ಶಾಲೆ ಬಸ್ಸಿನ ಬಲ್ಬು, ಕನ್ನಡಿ, ವೈಪರು
ಹಾಕಿಕೊಂಡವಳು ನಾನು, ಇದೇನು ಮಹಾ.
ಪ್ಲಗ್ಗು ಕಿತ್ತೆ. ಗ್ಯಾಸಿನ ಕೀಲು ಅಡ್ಡ ತಿರುಗಿಸಿದೆ.
ತಳದ ತಗಡು ಎತ್ತಿದರೆ
ಒಂದು ಗೋಡಂಬಿ, ಇದ್ದಲಾಗಿ;
ಪ್ಲಾಸ್ಟಿಕ್ ಕುದುರೆಯ ಅರ್ಧ ಕಾಲು;
ಎಂದೋ ಚೆಲ್ಲಿದ ಚೀಸಿನ ಕಪ್ಪು ಕೆರೆ.

ಕೆಳಗಿನ ಡ್ರಾಯರು ಹೊರಗೆಳೆದಾಗ
ಗ್ರಾಸಿಂಡಾ ಟಾರ್ಚು ಹಿಡಿದು ಕೂಗಿದಳು,
'ಇಲ್ಲಿ ಯಾರೋ ಗೀಚಿದ್ದಾರೆ!'
ಒಳ ತಗಡಿನ ಮೇಲೆ ಮೊಳೆಯಿಂದ ಕೊರೆದ ಇಸವಿ:
೧೯೯೪, ೨೦೦೧, ೨೦೧೦.
ಮೂರೂ ಬೇರೆ ಬೇರೆ ಕೈ.
ಮೊದಲನೆಯದರ ಪಕ್ಕ ಒಂದು ಪದ,
ಫ್ರೆಂಚು ಇರಬೇಕು.
ಯಾರದೋ ಅಡ್ಡಹೆಸರು ಅಂದುಕೊಂಡೆ.

ಎರಡು ತಿರುಪು. ಒಂದು ಬೆಣ್ಣೆಯಂತೆ ಬಂತು,
ಇನ್ನೊಂದು ತುಕ್ಕಿನ ಜೊತೆ ಸಂಸಾರ ಹೂಡಿತ್ತು.
ಎಣ್ಣೆ ಬಿಟ್ಟೆ, ಕಾಲು ಗಂಟೆ ಕಾದೆ, ಬೈದೆ,
ಮಗಳ ಎದುರು ಬೈಯಬಾರದ್ದನ್ನೂ ಬೈದೆ.
ಬಂತು.
ಹಳೆಯ ಕಡ್ಡಿಯನ್ನು ತಂತಿ ಸಮೇತ ಸೆಳೆದ ಭರಕ್ಕೆ
ಹಿಂಬದಿಯ ಪ್ಲಗ್ಗು ಬಿಟ್ಟುಕೊಂಡು
ಒಲೆಯ ಕಡೆಯ ತುದಿ ತೂತಿನಿಂದ ಜಾರಿ
ಗಾಜಿನ ಉಣ್ಣೆಯ ಕತ್ತಲೊಳಗೆ ಬಿತ್ತು.

ಆಮೇಲೆ ಒಂದೂವರೆ ಗಂಟೆ
ಕೋಟಿನ ಹ್ಯಾಂಗರು ನೇರ ಮಾಡಿ
ಮೀನು ಹಿಡಿದ ಹಾಗೆ ಹಿಡಿದೆ.
ನನ್ನಪ್ಪ ಮೀನುಗಾರ,
ಹೀಗೆ ಅಡುಗೆಮನೆಯಲ್ಲಿ ಗಾಳ ಹಾಕಿದ್ದಿಲ್ಲ.

ಸದ್ದು ಕೇಳಿ ಮಹಡಿಯಿಂದ ಇಳಿದರು
ತೊಂಬತ್ತರ ಮದಾಂ ತೆಬೆರ್ಜ್,
ಹತ್ತಿ ಗಿರಣಿಯಲ್ಲಿ ನೂಲು ಗಂಟು ಹಾಕುತ್ತಿದ್ದವರು.
ಕನ್ನಡಕ ಏರಿಸಿ ತಗಡು ಓದಿ ನಕ್ಕರು:
'ದಾರ ಅಂತ ಬರೆದಿದೆಯಮ್ಮ.
ಎಳೆಯುವ ಮೊದಲು ದಾರ ಕಟ್ಟು ಅಂತ.'

ಮೂವತ್ತು ವರ್ಷದಿಂದ ಹೇಳುತ್ತಲೇ ಇತ್ತು.
ನನಗೆ ಕೇಳುವ ಭಾಷೆ ಇರಲಿಲ್ಲ.

ಹೊಸ ಕಡ್ಡಿಗೆ ಬೆರಳಿನ ಜಿಡ್ಡೂ ತಾಗಬಾರದಂತೆ.
ಹಸುಗೂಸಿನಂತೆ ಬಟ್ಟೆಯಲ್ಲಿ ಹಿಡಿದು ಕೂರಿಸಿದೆ.
ತಗಡು ಮುಚ್ಚಲಿಲ್ಲ, ಮೊದಲು ನೋಡಬೇಕು.
ಗ್ಯಾಸು. ಪ್ಲಗ್ಗು. ಗುಂಡಿ.
ಮೂವರೂ ನೆಲದ ಮೇಲೆ,
ನಾನು ಪೋರ್ತುಗೀಸಿನಲ್ಲಿ, ಅವರು ಫ್ರೆಂಚಿನಲ್ಲಿ,
ಮಗಳು ಇಂಗ್ಲಿಷಿನಲ್ಲಿ ಎಣಿಸಿದೆವು.
ಕಿತ್ತಳೆ, ಹಳದಿ, ಬಿಳಿಗೆ ಹತ್ತಿರ—
ನಲವತ್ತೊಂದಕ್ಕೆ ಭುಸ್ಸೆಂದು
ನೀಲಿ ಓಡಿತು ಉದ್ದಕ್ಕೂ.
ಹಾಗಂತ ನಾನು ಹೇಳುತ್ತೇನೆ.
ಮದಾಂ ಲೆಕ್ಕದಲ್ಲಿ ಮೂವತ್ತಾರು.

ಬ್ರೆಡ್ಡು ಒಂದು ಬದಿಗೆ ಸ್ವಲ್ಪ ಹೆಚ್ಚೇ ಕಂದಾಯಿತು.
ಹಿಟ್ಟು ಕಾದೂ ಕಾದೂ ಹುಳಿಯೂ ಬಂದಿತ್ತು.
ತಿಂದೆವು.

ರಾತ್ರಿ ಓವನ್ನು ಆರಿದ ಮೇಲೆ
ಮೊಳೆ ತೆಗೆದುಕೊಂಡು ಇಸವಿ ಕೊರೆದೆ.
ಪದ ಬರೆಯಲು ಹೋಗಿ ಕೈ ನಿಂತಿತು.
ಮುಂದೆ ಈ ಮನೆಗೆ ಯಾವ ಭಾಷೆಯವರೋ.
ಡ್ರಾಯರಿನ ಒಳಗೊಂದು ಕೊಕ್ಕೆಯಿದೆ.
ಅದಕ್ಕೆ ಮೂರು ಗಜ ಗಟ್ಟಿ ದಾರ
ಸುತ್ತಿ ಬಿಟ್ಟೆ.