ಹುಳದ ಮನೆಯಲ್ಲಿ ದ್ರಾಕ್ಷಿ

ಮಂಚನಬಲೆಯಲ್ಲಿ ನಮ್ಮ ವೈನು ಮಲಗುವುದು
ಹಳೆಯ ಹುಳದ ಮನೆಯೊಳಗೆ.
ಒಂದೂವರೆ ಮೊಳ ದಪ್ಪದ ಮಣ್ಣುಗೋಡೆ,
ಕಿಟಕಿಗೆ ಒದ್ದೆ ಗೋಣಿತಾಟು,
ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ಇಟ್ಟಿದ್ದ
ನೀರಿನ ಬಟ್ಟಲುಗಳ ಗುರುತು
ನೆಲದಲ್ಲಿ ಇನ್ನೂ ನಾಲ್ಕು ನಾಲ್ಕಾಗಿ.

ಏಸಿ ಹಾಕಿಸಿ ಅಂದರು ನೋಡಲು ಬಂದ ಇಂಜಿನಿಯರು.
ಅಜ್ಜಿ ಗೋಣಿತಾಟಿಗೆ
ಇನ್ನೊಂದು ಚೊಂಬು ನೀರು ಎರಚಿದಳು.

ಅಕ್ಕಯ್ಯಮ್ಮ, ನಮ್ಮಜ್ಜಿ,
ಒಂದು ತೊಟ್ಟೂ ನಾಲಿಗೆಗೆ ಸೋಕಿಸಿದವಳಲ್ಲ.
ಕಾಯಿದೆಯೆಲ್ಲ ಮಾತ್ರ ಅವಳದೇ.
ಕಾಲು ತೊಳೆದು ಬಾ.
ಬೀಡಿ ಸೇದಿದವನು ಹೊಸ್ತಿಲಾಚೆ ನಿಲ್ಲಲಿ.
ಸೆಂಟು ಗಿಂಟು ಬೇಡ, ಮಲ್ಲಿಗೆಯೂ ಬೇಡ,
ಸೀರೆಗೆ ಒಗ್ಗರಣೆ ವಾಸನೆ ಹತ್ತಿದ್ದರೆ ಬದಲಾಯಿಸಿ ಬಾ.
ಗಟ್ಟಿ ಮಾತು ಇಲ್ಲಿಗೆ ಆಗದು.
ಏಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.
ಹುಳಕ್ಕೆ ಇದ್ದದ್ದು ಹುಳಿಗೆ ಬಂತು, ಅಷ್ಟೇ.

ಫೆಬ್ರುವರಿ ಕೊನೆಗೆ, ಬೆಳಗಿನ ಜಾವ ಮೂರಕ್ಕೆ
ಹಣೆಗೆ ಬ್ಯಾಟರಿ ಕಟ್ಟಿಕೊಂಡು
ಕಲ್ಲುಕಂಬದ ಚಪ್ಪರದಡಿ ನುಗ್ಗುತ್ತೇವೆ.
ಬಿಸಿಲು ಮುಟ್ಟುವ ಮುಂಚೆ ಕಾಯಿ ಒಳಗೆ ಸೇರಬೇಕು.
ಚಿಕ್ಕಪ್ಪ ಮುನಿಶಾಮಿ ಹನ್ನೆರಡು ದಿನ ಫ್ರಾನ್ಸಿನಲ್ಲಿದ್ದು ಬಂದವನು,
ಅಲ್ಲಿ ಬಳ್ಳಿ ಸೊಂಟದೆತ್ತರ, ಬಗ್ಗಿ ಕೊಯ್ಯುತ್ತಾರೆ, ಅನ್ನುತ್ತಾನೆ
ಪ್ರತಿ ವರ್ಷ, ಇದೇ ಸಾಲಿನಲ್ಲಿ, ಇದೇ ಹೊತ್ತಿಗೆ.
ಕತ್ತರಿ ನಿಲ್ಲಿಸದೆ ಚೌಡಪ್ಪ:
ಅವರಿಗೆ ಸೊಂಟ, ನಮಗೆ ಕತ್ತು,
ತಿಕ್ಕೋ ಎಣ್ಣೆ ಒಂದೇ ಬಿಡಪ್ಪ.

ನಮ್ಮಲ್ಲಿರುವುದು ಆರು ಪೀಪಾಯಿ.
ಆರನೆಯದು ಚಿಕ್ಕಪ್ಪ ಇಳಿದುಕೊಂಡಿದ್ದ ಮನೆಯವರು
ಹಡಗಿಗೆ ಹಾಕಿಸಿ ಕಳಿಸಿದ್ದು.
ನಾಲ್ಕು ತಲೆಮಾರು, ಒಂದೇ ಗುಡ್ಡ, ಒಂದೇ ಅಡುಗೆಮನೆಯಂತೆ.
ಹಲಗೆಯ ಮೇಲೆ ಮನೆತನದ ಹೆಸರು ಸುಟ್ಟು ಬರೆದದ್ದು
ಅರ್ಧ ಅಳಿಸಿದೆ; ಉಳಿದರ್ಧ ನಮಗೆ ಉಚ್ಚರಿಸಲು ಬಾರದು.
ಬಂದಾಗ ಒಣಗಿ ಬಾಯಿಬಿಟ್ಟಿತ್ತು,
ನೀರು ತುಂಬಿದರೆ ಮೂರು ಕಡೆ ಸೋರಿತು.
ನಾನು ಪುಸ್ತಕ ತಿರುವಿದೆ.
ಚಿಕ್ಕಪ್ಪ ಆ ಮನೆಗೆ ಫೋನು ಹಚ್ಚಿದ.
ಅಜ್ಜಿ ರಾಗಿಹಿಟ್ಟು ಕಲಸಿ ತಂದು
ಹೆಬ್ಬೆರಳಲ್ಲಿ ಸಂದಿಗೆ ಒತ್ತತೊಡಗಿದಳು.
ಅದನ್ನು ಹೇಳಿದ್ದಕ್ಕೆ ಆ ಕಡೆಯ ಮುದುಕ ಸ್ವಲ್ಪ ಸುಮ್ಮನಿದ್ದು
ತನ್ನ ಮುರುಕು ಇಂಗ್ಲಿಷಿನಲ್ಲಿ,
ನಮ್ಮಮ್ಮ ಗೋಧಿಹಿಟ್ಟು ಹಚ್ಚುತ್ತಿದ್ದಳು, ಅಂದ.

ಆ ರಾತ್ರಿ ಒಂದೇ ಕಡೆ ಸೋರಿತು.

ಯೀಸ್ಟಿನ ಪೊಟ್ಟಣ ನಾವು ತರಿಸುವುದಿಲ್ಲ.
ಸಿಪ್ಪೆಯ ಮೇಲೆ ಬೂದಿ ಸವರಿದಂತೆ
ತೋಟವೇ ಕೊಟ್ಟದ್ದೆಷ್ಟೋ ಅಷ್ಟು.
ಎರಡು ದಿನ ಏನೂ ಇಲ್ಲ. ನನಗೆ ಊಟ ಸೇರಲಿಲ್ಲ.
ಮೂರನೇ ಇರುಳು ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಕಂಬಳಿಯಾಯಿತು;
ಒತ್ತಿ ಒತ್ತಿ ಮೊಳಕೈವರೆಗೆ ನೇರಳೆಯಾಗಿ
ಗೋಡೆಗೊರಗಿ ಕೂತಿದ್ದೆ.
ಕತ್ತಲಲ್ಲಿ ಬಂದ ಅಜ್ಜಿ, ದೀಪ ಹಾಕಬೇಡ, ಕೇಳು, ಅಂದಳು.
ನಾಲ್ಕನೇ ಜ್ವರದಿಂದೆದ್ದ ಹುಳ
ಮನೆತುಂಬ ಸೊಪ್ಪು ಮೇಯುವ ಸದ್ದು,
ಹದಿನೈದು ವರ್ಷದಿಂದ ಈ ಗೋಡೆಗಳು ಕೇಳದ್ದು,
ತೊಟ್ಟಿಯೊಳಗಿಂದ.
ಅವಳು ಸೆರಗಿನ ತುದಿ ಹಿಡಿದು
ಬಹಳ ಹೊತ್ತು ನಿಂತಿದ್ದಳು.

ಈಗ ಮೇ ತಿಂಗಳು. ವೈನು ಆರನೇ ಪೀಪಾಯಿಯಲ್ಲಿದೆ.
ರುಚಿ ನೋಡಿ ಬರೆದಿಡಬೇಕು, ವಾರಕ್ಕೊಮ್ಮೆ,
ನಾನು ಓದಿದ್ದು ಹಾಗೆ.
ಗಾಜಿನ ನಳಿಗೆ ಹಿಡಿದು ಬಿರಡೆಗೆ ಕೈಹಾಕಿದೆ.
ಅಜ್ಜಿ ಹಲಗೆಗೆ ಕಿವಿಯಿಟ್ಟು ಕೂತಿದ್ದಳು,
ಆ ಸುಟ್ಟ ಹೆಸರು ಅವಳ ಕೆನ್ನೆಗೆ ಒತ್ತಿತ್ತು.
ಖಾತ್ರಿಯಾದಾಗ ಮಾತ್ರ ಅವಳಿಗೆ ತೆಲುಗು ಬರುತ್ತದೆ.
ನಿದ್ರಪೋಯಿಂದಿ, ಅಂದಳು.
ಜ್ವರಕ್ಕೆ ಕೂತ ಹುಳಕ್ಕೆ ಯಾರಾದರೂ ಸೊಪ್ಪು ಹಾಕುತ್ತಾರೇನೆ?

ನಳಿಗೆ ಗೂಡಿಗೆ ಹೋಯಿತು.
ಪುಸ್ತಕದಲ್ಲಿ ತಾರೀಖು ಬರೆದು
ಅದರ ಮುಂದೆ ಏನೂ ಬರೆಯದೆ
ಗೋಣಿತಾಟಿಗೆ ನೀರು ಎರಚಿ ಬಂದೆ.